ಎರಡು ಬದನೆಕಾಯಿಯ ಕೊಸರು

ತಕ್ಕಡಿಯ ಮುಳ್ಳು ನಿಲ್ಲುವ ತನಕವೂ ತಾಳದೆ ವಾಣಿಶ್ರೀ ಚೀಲ ಒಡ್ಡಿದಳು. ಬದನೆಕಾಯಿಗಳು ದಡದಡನೆ ಒಳಗೆ ಬಿದ್ದವು. ಹುಲಗಮ್ಮ ರಾಶಿಯಿಂದ ಇನ್ನೆರಡನ್ನು ಎತ್ತಿ ಮೇಲೆ ಹಾಕಿದಳು.

“ಕೊಸರು. ತಗೋ ಯವ್ವಾ.”

“ಬ್ಯಾಡ್ರಿ.” ವಾಣಿಶ್ರೀ ಎರಡನ್ನೂ ಹೆಕ್ಕಿ ರಾಶಿಗೆ ವಾಪಸು ಹಾಕಿದಳು.

ಹುಲಗಮ್ಮ ತಲೆಯೆತ್ತಿ ನೋಡಿದಳು. ಕುಷ್ಟಗಿ ಸಂತೆಯಲ್ಲಿ ಕೊಸರು ಸಾಲದೆಂದು ಜಗಳಕ್ಕೆ ನಿಂತವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಬೇಡ ಎಂದವರನ್ನು ಕಂಡಿರಲಿಲ್ಲ.

“ಹುಳುಕ ಇಲ್ಲ ಯವ್ವಾ, ಛಲೋ ಅದಾವ.”

“ಗೊತ್ತೈತ್ರಿ. ಆದ್ರೂ ಬ್ಯಾಡ.”

ಪಕ್ಕದಲ್ಲಿ ಗಂಡನ ಹಾಗೆ ಮುಖ ಮಾಡಿಕೊಂಡು ನಿಂತಿದ್ದ ಪ್ರಭುರಾಜ ಕೆಮ್ಮಿದ. ಅವನು ಗಂಡನಲ್ಲ, ಕ್ಯಾಮರಾದವನು. ಕ್ಯಾಮರಾ ಅವನ ಅಂಗಿಯ ಗುಂಡಿಯಲ್ಲಿತ್ತು.

ಕೊಪ್ಪಳದ ಸಣ್ಣ ಚಾನೆಲ್ಲೊಂದರಲ್ಲಿ ‘ಗಿರಾಕಿ ಕೇಳ್ತಾನ’ ಎಂಬ ಕಾರ್ಯಕ್ರಮ ನಡೆಸುತ್ತಿದ್ದವಳು ವಾಣಿಶ್ರೀ. ಅಂಗಡಿಗೆ ಗಿರಾಕಿಯಂತೆ ಹೋಗುವುದು, ಕೊಂಡದ್ದನ್ನು ತಂದು ಪರೀಕ್ಷಿಸುವುದು, ಮೋಸ ಕಂಡರೆ ಊರಿಗೆಲ್ಲ ತೋರಿಸುವುದು. ಸಂಪಾದಕ ಗವಿಸಿದ್ದೇಶನದು ಒಂದೇ ಕಟ್ಟಪ್ಪಣೆ: ಯಾರ ಮೇಲೆ ಕ್ಯಾಮರಾ ಇಡುತ್ತೇವೋ ಅವರಿಂದ ಪುಕ್ಕಟೆಯಾಗಿ ಒಂದು ಲೋಟ ಚಹಾ ಕೂಡ ಕುಡಿಯಬಾರದು. ವಾಣಿಶ್ರೀ ಅದನ್ನು ವ್ರತದಂತೆ ಪಾಲಿಸುತ್ತಿದ್ದಳು.

ಬಸ್‌ಸ್ಟ್ಯಾಂಡಿನ ಹಿಂದೆ ನಿಲ್ಲಿಸಿದ್ದ ಕಾರಿನಲ್ಲಿ ಸರಕಾರಿ ಮುದ್ರೆಯ ಎಲೆಕ್ಟ್ರಾನಿಕ್ ತಕ್ಕಡಿ ಕಾದಿತ್ತು. ಚೀಲ ಇಟ್ಟರು. ಹತ್ತಿರ ಹತ್ತಿರ ಒಂದು ಬದನೆಕಾಯಿಯಷ್ಟು ತೂಕ ಕಡಿಮೆ ಬಂತು.

“ಸಿಕ್ಕಿಬಿದ್ಲು ನೋಡ್ರಿ ಅಕ್ಕಾರ,” ಎಂದ ಪ್ರಭುರಾಜ.

ಸಂಚಿಕೆ ಪ್ರಸಾರವಾಯಿತು. ಹುಲಗಮ್ಮನ ಮುಖವನ್ನು ಮಸುಕು ಮಾಡಿದ್ದರು. ಆದರೆ ಮೊಣಕೈವರೆಗೆ ಹಚ್ಚೆ ಹೊಯ್ಸಿಕೊಂಡ ಆ ಕೈಯನ್ನು ಗುರುತಿಸಲು ಕುಷ್ಟಗಿಯವರಿಗೆ ಮುಖ ಬೇಕಿರಲಿಲ್ಲ. ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ ಯಲಬುರ್ಗಾಕ್ಕೂ ಗಂಗಾವತಿಗೂ ಹೋಯಿತು. ಜನ ಸಂತೆಗೆ ಸ್ವಂತ ತೂಕದ ಯಂತ್ರ ಹಿಡಿದುಕೊಂಡೇ ಬರತೊಡಗಿದರು. ವ್ಯಾಪಾರಿಗಳು ಹಳೆಯ ತಕ್ಕಡಿಗಳನ್ನು ಅಟ್ಟಕ್ಕೆಸೆದರು. ಎಲೆಕ್ಟ್ರಾನಿಕ್ ತಕ್ಕಡಿ ಮಾರುವ ಕೊಪ್ಪಳದ ಮಕ್ಬುಲಸಾಬನಂತೂ ಸಿಹಿ ಡಬ್ಬಿ ಹಿಡಿದು ಚಾನೆಲ್ಲಿಗೆ ಬಂದ. ವಾಣಿಶ್ರೀ ಒಂದು ಪೇಡೆಯನ್ನೂ ಮುಟ್ಟಲಿಲ್ಲ.

ಅವಳ ನೆಮ್ಮದಿ ಕೆಡಿಸಿದವಳು ಸ್ವಂತ ತಾಯಿ ಶಿವಲಿಂಗಮ್ಮ. ಒಂದು ದಿನ ಸಂತೆಯಿಂದ ಬಂದವಳೇ ಚೀಲವನ್ನು ಅಡುಗೆಮನೆಯಲ್ಲಿ ಕುಕ್ಕಿದಳು.

“ನಿಮ್ಮ ಟೀವಿ ಪುಣ್ಯೇವು. ಮೊದ್ಲ ಇದs ರೊಕ್ಕಕ್ಕ ಮನೀ ಮಂದಿಗೆಲ್ಲಾ ಪಲ್ಯ ಸಾಲ್ತಿತ್ತು. ಈಗ ನನ್ನ ತಾಟಿಗೆ ಬರೂದ್ರಾಗ ಬೋಗುಣಿ ಖಾಲಿ.”

“ಈಗ ತೂಕ ಖರೇ ಐತಿ, ಅವ್ವಾ.”

“ತೂಕ ಖರೇ ಐತಿ. ಪಲ್ಯ ಎಲ್ಲೈತಿ, ಹೇಳು?”

ವಾಣಿಶ್ರೀ ನಕ್ಕಳು. ಆಮೇಲೆ ನಗು ನಿಂತಿತು. ತೂಕ ಸರಿಯಾದ ಮೇಲೆ ಕಾಯಿ ಕಡಿಮೆಯಾಗುವುದು ಹೇಗೆ? ಅವಳಿಗೊಂದು ಚಟವಿತ್ತು: ಲೆಕ್ಕ ಕೂಡದ ಮಾತು ಕಿವಿಗೆ ಬಿದ್ದರೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನಂತೆ ಅದನ್ನು ನಾಲಿಗೆಯಿಂದ ಕೆದಕುತ್ತಲೇ ಇರುವುದು. ಮರುದಿನ ಕಚೇರಿಗೆ ಹೋದವಳೇ ಕತ್ತರಿಸದ ಮೂಲ ವಿಡಿಯೊವನ್ನು ಹಾಕಿಸಿಕೊಂಡು ಕೂತಳು.

ಪರದೆಯ ಮೇಲೆ ಹಚ್ಚೆಯ ಕೈ ತೂಗಿತು, ಸುರಿಯಿತು, ಎರಡು ಕಾಯಿ ಹೆಚ್ಚಿಗೆ ಹಾಕಿತು. ಚೌಕಟ್ಟಿನ ಅಂಚಿನಿಂದ ಇನ್ನೊಂದು ಕೈ ಬಂದು ಆ ಎರಡನ್ನೂ ಎತ್ತಿ ವಾಪಸಿಟ್ಟಿತು. ವಾಚು ಕಟ್ಟಿದ, ಉಗುರಿಗೆ ಬಣ್ಣ ಹಚ್ಚಿದ ಕೈ. ಸಂಕಲನದಲ್ಲಿ ಅದಷ್ಟನ್ನೂ ತೆಗೆದಿದ್ದರು, ಬೇಡದ ಭಾಗವೆಂದು.

“ಪ್ರಭು, ಇಲ್ಲಿ ಬಾರೋ. ಯಾರ ಕೈ ಇದು?”

“ನಿಮ್ದs ಅಲ್ಲೇನ್ರಿ?”

“ಕಡಿಮಿ ಮಾಡಿದ್ದು ಯಾರು ಹಂಗಾರ?”

ಪ್ರಭುರಾಜ ಚಿತ್ರವನ್ನು ಹಿಂದಕ್ಕೆ ಓಡಿಸಿ, ಆ ಎರಡು ಕಾಯಿ ರಾಶಿಗೆ ಮರಳುವುದನ್ನು ಇನ್ನೊಮ್ಮೆ ನೋಡಿದ.

ಕಡಿಮೆ ಬಿದ್ದ ತೂಕವನ್ನು ಕೊಸರೇ ತುಂಬುತ್ತಿತ್ತೆಂಬ ಊಹೆಯನ್ನು ನಂಬಿ ಕೂರುವವಳಲ್ಲ ಅವಳು. ಇನ್ನೂ ಕೈತಕ್ಕಡಿ ಹಿಡಿಯುವವರು ತಳಕಲ್ ಕಡೆ ಇದ್ದಾರೆಂದು ಕೇಳಿ, ತಾಯಿಯನ್ನೂ ಪ್ರಭುರಾಜನನ್ನೂ ಕರೆದುಕೊಂಡು ಹೋದಳು. ಬೇರೆ ಬೇರೆಯಾಗಿ ಕೊಂಡರು, ಈ ಸಲ ಕೊಸರನ್ನು ಬಿಡದೆ. ಕಾರಿಗೆ ತಂದು ತೂಗಿದರೆ ಪ್ರತಿ ಚೀಲವೂ ಕೊಟ್ಟ ದುಡ್ಡಿಗೆ ಬರಬೇಕಾದ ತೂಕಕ್ಕಿಂತ ಜಾಸ್ತಿಯೇ ತೂಗಿತು. ಶಿವಲಿಂಗಮ್ಮನ ಚೀಲ ಎಲ್ಲಕ್ಕಿಂತ ಭಾರ.

“ನಿನಗ್ಯಾಕ ಇಷ್ಟು ಹಾಕ್ಯಾರ?”

“ಮಾತಾಡಿಸಿದೆ. ನಿಮ್ಮಂಗ ಕಳ್ಳರ ಗತಿ ನಿಂತಿರಲಿಲ್ಲ.”

ಗವಿಸಿದ್ದೇಶನಿಗೆ ಹೇಳಿದಾಗ ಅವನು ಬೇಸರಪಡಲಿಲ್ಲ, ಅರಳಿದ. “ಭಾಳ ಛಲೋ ಸ್ಟೋರಿ ವಾಣಿ! ನಾವs ತಪ್ಪಿದಿವಿ ಅಂತ ನಾವs ತೋರ್ಸೋಣ. ಆದ್ರ ಹಳೇ ಚಿತ್ರ ಭಾಳ ಮಸುಕೈತಿ. ಆ ಯಮ್ಮ ಇನ್ನೊಮ್ಮಿ ಕ್ಯಾಮರಾ ಮುಂದ ಕೊಸರು ಹಾಕ್ಲಿ. ಮಕ್ಬುಲಸಾಬರು ಆಕಿಗೊಂದು ಹೊಸಾ ತಕ್ಕಡಿ ಕೊಡ್ತಾರಂತ.” ಇದರಿಂದ ಹುಲಗಮ್ಮನ ಕೆಟ್ಟ ಹೆಸರು ತೊಳೆದುಹೋಗಿ ಗಿರಾಕಿಗಳು ಮರಳಿಯಾರು ಎಂಬ ಆಸೆ ವಾಣಿಶ್ರೀಗೆ.

ಕುಷ್ಟಗಿ ಸಂತೆಯ ಬಾಗಿಲಲ್ಲೇ ಇದ್ದ ಹುಲಗಮ್ಮನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಅವಳು ಸಿಕ್ಕಿದ್ದು ಹಿಂದಿನ ಗೋಡೆಯ ಬುಡದಲ್ಲಿ. ಮುಂದೆ ಬದನೆಕಾಯಿ ಇರಲಿಲ್ಲ, ಮೆಂತ್ಯ, ಪುಂಡಿ, ರಾಜಗಿರಿಯ ಸಿವುಡುಗಳಿದ್ದವು. ಕಟ್ಟಿಟ್ಟ ಸೊಪ್ಪನ್ನು ಯಾರೂ ತೂಗಿಸಿ ಕೇಳುವುದಿಲ್ಲ. ತಕ್ಕಡಿಯೇ ಕಾಣಲಿಲ್ಲ.

“ಕೊಸರು ಬ್ಯಾಡಂದಾಕಿ,” ಎಂದಳು ಹುಲಗಮ್ಮ, ಥಟ್ಟನೆ.

ವಾಣಿಶ್ರೀ ಅವಳೆದುರು ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದಳು. ಗುಂಡಿಯ ಕ್ಯಾಮರಾ, ಕಚೇರಿಯ ಕಟ್ಟಪ್ಪಣೆ, ತಳಕಲ್ಲಿನ ಚೀಲಗಳು. ಹುಲಗಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತ ಕೇಳಿದಳು.

“ನೀವೇನು ಸುಳ್ಳು ಹೇಳಿಲ್ಲ. ನನ್ನ ತೂಕದ ಕಲ್ಲು ಕಡಿಮೀನ ಇತ್ತು. ನಮ್ಮತ್ತಿ ಕಾಲದ್ದು, ಸವೆದಿತ್ತು. ಗಿರಾಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.”

“ಗೊತ್ತಿದ್ದೂ ಯಾರೂ ಕೇಳ್ತಿರಲಿಲ್ಲೇನ್ರಿ?”

“ಕೇಳಾಕ ಬಿಡ್ತಿದ್ನೇನು? ಅಷ್ಟರೊಳಗs ಮ್ಯಾಲ ಕೊಸರು ಹಾಕ್ತಿದ್ನಲ್ಲಾ.”

“ಯಾರಿಗೆಷ್ಟು ಅಂತ ಹೆಂಗ ತಿಳೀತಿತ್ರಿ?” ಇದನ್ನು ಕೇಳುವಾಗ ವಾಣಿಶ್ರೀ ತಾನು ಬಂದ ಕೆಲಸವನ್ನೇ ಮರೆತಿದ್ದಳು.

“ಬಸುರಿ ಬಂದ್ರ ಹಿಡಿ ತುಂಬ. ಮಕ್ಕಳ ಕೈಯಾಗ ಕಳ್ಸಿದ್ರ ಇನ್ನಷ್ಟು, ಇಲ್ಲಾಂದ್ರ ಮನ್ಯಾಗ ಅವನ್ನ ಬೈತಾರ. ಚೌಕಾಸಿ ಮಾಡಿ ಮಾಡಿ ತಲಿ ತಿಂದವಗ ಒಂದು ಬೀಜ ಬಲತ ಬದನಿಕಾಯಿ.” ಹುಲಗಮ್ಮನ ತುಟಿಯಲ್ಲಿ ನಗು ಬಂದು ಹೋಯಿತು. “ಈಗೆಲ್ಲಾ ಮಿಷನ್ ಮ್ಯಾಲ ಅಂಕಿ ನೋಡ್ತಾರ. ನನ್ನ ಮಾರಿ ನೋಡಂಗಿಲ್ಲ.”

“ಅದs ತೋರ್ಸೋಣ್ರಿ ಯಮ್ಮಾ! ಮಂದಿಗೆ ತಿಳೀಲಿ. ನಿಮ್ಮ ಮೊದ್ಲಿನ ಜಾಗಾ ನಿಮಗ ಬರ್ತೈತಿ.”

“ನೀ ತೋರ್ಸಿದ ಮ್ಯಾಲ ಏನಾಕ್ಕೈತಿ, ಹೇಳ್ಲೇನು? ಕೊಸರಿಗೂ ಮಿಷನ್ ತರ್ತಾರ. ಆಕಿಗಿಷ್ಟು ಹಾಕಿದಿ, ನನಗಿಷ್ಟs ಯಾಕ ಅಂತಾರ. ನಾ ಬಸುರಿಗೆ ಏನು ಹಾಕ್ಲಿ ಆಗ?”

ಅಷ್ಟರಲ್ಲಿ ಪ್ರಭುರಾಜ ಈ ಬಾರಿ ರಾಜಾರೋಷವಾಗಿ ದೊಡ್ಡ ಕ್ಯಾಮರಾ ಹೆಗಲೇರಿಸಿ ಬಂದ, ಇನ್ನೊಂದು ಕೈಯಲ್ಲಿ ಮಕ್ಬುಲಸಾಬನ ತಕ್ಕಡಿಯ ಪೆಟ್ಟಿಗೆ. ಅಕ್ಕಪಕ್ಕದವರು ಕತ್ತು ಚಾಚಿದರು. ವಾಣಿಶ್ರೀ ಪೆಟ್ಟಿಗೆ ಬಿಚ್ಚಿ ಹೊಳೆಯುವ ತಕ್ಕಡಿಯನ್ನು ಸೊಪ್ಪಿನ ಪಕ್ಕದಲ್ಲಿಟ್ಟಳು.

“ಇದು ನಿಮ್ಮದs ರಿ. ಒಂದs ಸಲ, ನಾ ಒಂದು ಸಿವುಡು ತಗೋತೀನಿ, ನೀವು ಮ್ಯಾಲಿಷ್ಟು ಹಾಕ್ರಿ. ನಾ ಬ್ಯಾಡ ಅನ್ನಂಗಿಲ್ಲ.”

ಹುಲಗಮ್ಮ ಅವಳ ಕೈಗೊಂದು ಮೆಂತ್ಯದ ಸಿವುಡು ಕೊಟ್ಟಳು. ತಕ್ಕಡಿಯನ್ನು ಎರಡೂ ಕೈಯಿಂದ ಎತ್ತಿ, ನೀರು ತಾಗದಂತೆ ಪೆಟ್ಟಿಗೆಯೊಳಗಿಟ್ಟು ಪ್ರಭುರಾಜನ ಕಾಲ ಬಳಿ ಸರಿಸಿದಳು.

“ಇದನ್ನ ಒಲ್ಲೆ,” ಎಂದಳು. “ಕೊಸರೂ ಹಾಕಂಗಿಲ್ಲ.”