ಜಡ್ಜ್ ಸಾಹೇಬರ ತಂಗಿ

"ಮುನ್ಸೀಫ್ ಅಂತ ಯಾಕೆ ಬರ್ದದ್ದು? ತೆಗಿ ಅದನ್ನು. ಸೀದಾ ಜಡ್ಜ್ ಅಂತ ಹಾಕು."

ಹೆಲೆನ್ ತೆಗೆದಳು. ಕಳೆದ ವಾರ ಆ ಕೆಳಕೋರ್ಟಿನ ಹುದ್ದೆಯನ್ನು ಹಾಕಿಸಿದವರೂ ಇದೇ ಕ್ಲೆಮೆಂಟ್ ಮಾಮ. ಗಲ್ಫಿನ ಮಾಹೂಝ್ ಬಡಾವಣೆಯ ಅವರ ಫ್ಲ್ಯಾಟಿಗೆ ಅವಳು ಬರುತ್ತಿರುವುದು ಇದು ಆರನೆಯ ಶುಕ್ರವಾರ. ವಾರವಿಡೀ ಆಫೀಸಿನಲ್ಲಿ ಕಂಡವರ ಕಾಗದ ಟೈಪ್ ಮಾಡುವುದು, ರಜೆಯ ದಿನ ಚರ್ಚಿನ ಪೂಜೆ ಮುಗಿಸಿ ಇಲ್ಲಿಗೆ ಓಡಿಬರುವುದು. ಮಾಮ ಕಣ್ಣಾರೆ ಕಾಣದ ಅವರ ಅಜ್ಜ ಸಿಲ್ವೆಸ್ಟರರ ಮಂಗಳೂರಿನ ವಕೀಲಿ, ಜಡ್ಜ್‌ಗಿರಿ, ಕರಿಕೋಟು, ಬ್ರಿಟಿಷರು ಕೊಟ್ಟ ರಾವ್ ಸಾಹೇಬ್ ಬಿರುದು ಎಲ್ಲವನ್ನೂ ಕುಟುಂಬದ ಇತಿಹಾಸದ ಪುಸ್ತಕಕ್ಕಾಗಿ ಬರೆದು, ಅಳಿಸಿ, ಮತ್ತೆ ಬರೆದು ಅವಳಿಗೆ ಸಾಕೋಸಾಕಾಗಿತ್ತು.

ಆದರೂ ಬರುತ್ತಿದ್ದುದು ಒಂದೇ ಒಂದು ಸಾಲಿಗಾಗಿ. ಸಿಲ್ವೆಸ್ಟರ್ ಮದರಾಸಿನಲ್ಲಿ ಕಾನೂನು ಓದುವಾಗ ಪುಸ್ತಕ ಕೊಳ್ಳುವ ತ್ರಾಣ ಮನೆಗಿರಲಿಲ್ಲ. ತಂಗಿ ನತಾಲ್ ಬಾಯಿ ಊರಿನ ವಕೀಲರೊಬ್ಬರಿಂದ ಪುಸ್ತಕ ಬೇಡಿ ತಂದು, ಅರ್ಥವಾಗದ ಇಂಗ್ಲಿಷನ್ನು ಅಕ್ಷರ ಅಕ್ಷರ ನೋಡಿ ನಕಲು ಮಾಡಿ, ಅಣ್ಣನಿಗೆ ಟಪಾಲಿನಲ್ಲಿ ಕಳಿಸುತ್ತಿದ್ದಳು. ಆ ನತಾಲ್ ಬಾಯಿ ಹೆಲೆನಳ ಮುತ್ತಜ್ಜಿ. ಹೆಲೆನ್ ಆ ಸಾಲನ್ನು ಪ್ರತಿ ಸಲವೂ ಬರೆಯುತ್ತಿದ್ದಳು, ಮಾಮ ಪ್ರತಿ ಸಲವೂ ಪ್ರಿಂಟಿನ ಮೇಲೆ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು. ನಾಳೆ ಕುಟುಂಬದ ಪುಸ್ತಕ ಅಚ್ಚಿಗೆ ಹೋಗಬೇಕು.

"ಮಾಮ್, ನತಾಲ್ ಬಾಯಿಯನ್ನು ಪುನಃ ತೆಗ್ದಿದ್ದೀರಲ್ಲ?"

"ಎಷ್ಟು ಸಲ ಹೇಳುದು ಮಾರಾಯ್ತಿ? ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳು ನಮ್ಮ ಪುಸ್ತಕದಲ್ಲಿ ಬರುವ ಕ್ರಮ ಇಲ್ಲ. ಹೋದ ಮನೆಯ ಪುಸ್ತಕದಲ್ಲಿ ಬರ್ತಾರೆ."

"ಹೋದ ಮನೆಯವರು ಪುಸ್ತಕ ಮಾಡ್ಲೇ ಇಲ್ಲ ಮಾಮ್!"

"ಅದಕ್ಕೆ ನಾನು ಎಂತ ಮಾಡ್ಲಿ? ಆ ಮೀನು ಮಾರುವವಳ ಕೇಸು ಸರಿಯಾಗಿ ಬಂತಾ ನೋಡು. ಕಲೆಕ್ಟರ್ ಹೊರಗೆ ಕಾಯ್ತಾ ಇದ್ರೂ ಅವಳ ಮಾತು ಮುಗಿಯುವ ತನಕ ಅಜ್ಜ ಕುರ್ಚಿಯಿಂದ ಏಳ್ಲಿಲ್ಲ."

"ಬಂದಿದೆ. ಅವಳು ನಮ್ಮ ಮನೆಯವಳಾ ಮಾಮ್? ಪುಸ್ತಕದಲ್ಲಿ ಇದ್ದಾಳಲ್ಲ."

ಮಾಮ ಕಿತ್ತಳೆ ಸುಲಿಯತೊಡಗಿದರು. ಆಮೇಲೆ ಕೊನೆಯ ಪುಟದತ್ತ ಬೆರಳು ತೋರಿಸಿದರು. ಸಂಪಾದಕರು ಕ್ಲೆಮೆಂಟ್, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಟೈಪಿಂಗ್ ಹೆಲೆನ್.

"ಇದೂ ಬೇಡ ಅಂತ ಕಾಣ್ತದೆ. ಬೇಜಾರು ಮಾಡ್ಬೇಡ. ನೀನು ಆಚೆ ಮನೆಯವಳಲ್ವಾ, ನಾಳೆ ಜನ ಕೇಳ್ತಾರೆ." ಅವರ ಧ್ವನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಎರಡು ತೊಳೆ ಕಿತ್ತಳೆಯನ್ನು ಅವಳತ್ತ ಚಾಚಿದರು.

ಹೆಲೆನ್ ಕಿತ್ತಳೆ ಮುಟ್ಟಲಿಲ್ಲ. ಮೊದಲ ಪುಟಕ್ಕೆ ಹೋಗಿ ನತಾಲ್ ಬಾಯಿಯ ಸಾಲನ್ನು ಇನ್ನೊಮ್ಮೆ ಟೈಪ್ ಮಾಡಿದಳು. ಲ್ಯಾಪ್‌ಟಾಪನ್ನು ತಿರುಗಿಸಿ ಮಾಮನ ಮುಂದಿಟ್ಟಳು.

"ಬೇಡ ಅಂತಾದ್ರೆ ನೀವೇ ತೆಗೀರಿ. ನನ್ನದನ್ನೂ."

"ಹೇ, ನನಗೆ ಇದೆಲ್ಲ ಬರ್ತದಾ?"

ಅವಳು ಬ್ಯಾಗನ್ನು ಮಡಿಲಿಗೆಳೆದುಕೊಂಡಳು. ಮಾಮ ಕನ್ನಡಕ ಒರೆಸಿ ಹಾಕಿಕೊಂಡರು. ಕಿತ್ತಳೆಯ ರಸ ಮೆತ್ತಿದ ತೋರುಬೆರಳು ಕೀಲಿಗಳ ಮೇಲೆ ಅತ್ತ ಹೋಗಿ ಇತ್ತ ಬಂತು, ಯಾವುದನ್ನು ಒತ್ತಬೇಕೆಂದು ತಿಳಿಯದೆ ಅಲ್ಲೇ ನಿಂತಿತು.