ಹೊಗೆ ತೊಳೆದ ನೀರು

"ಮುದಿ ಹಸು ತಂದು ಕಂಪನಿ ಕೊರಳಿಗೆ ಕಟ್ಟಾಕ ಬಂದೀಯೇನ, ಬೋಸುಡಿ?"

ಮ್ಯಾನೇಜರ್ ಗಂಗಾಧರ್ ಹೀಗೆ ಅರಚಿದ್ದು ನನ್ನ ಅಕ್ಕ ದ್ಯಾಮಕ್ಕನಿಗೆ. ಹತ್ತು ಮಾರು ದೂರದಲ್ಲಿ ನಾನು ತಣ್ಣಗಾದ ಕಿಟ್ಟ ಒಡೆಯುತ್ತಿದ್ದೆ. ಅಕ್ಕನ ಹಿಂದೆ ಕುಂಟುತ್ತ ನಮ್ಮ ಹಸು ಗೌರಿ, ಅದರ ಹಿಂದೆ ಗೌರಿಯ ತಾಯಿ. ತಾಯಿ ಬರದಿದ್ದರೆ ಗೌರಿ ಹೆಜ್ಜೆ ಕೀಳುವುದಿಲ್ಲ, ಅದಕ್ಕೇ ಎರಡನ್ನೂ ಹೊಡೆದುಕೊಂಡು ಬಂದಿದ್ದಳು. ಗೌರಿ ನಾಲ್ಕು ದಿನದಿಂದ ಮೇವು ಅಗಿಯಲಾರದೆ ಉಗುಳುತ್ತಿತ್ತು.

ಕಾನಹೊಸಹಳ್ಳಿಯ ಆಚೆ ಈ ಕಬ್ಬಿಣದ ಕುಲುಮೆ ಎದ್ದು ಐದು ವರ್ಷ. ಅದಿರು ಕರಗಿದರೆ ಕೆಳಗೆ ಕಬ್ಬಿಣ, ಅದರ ಮೇಲೆ ತೇಲುವ ಕಸವೇ ಕಿಟ್ಟ. ಕಿಟ್ಟ ಅಂಟಂಟಾಗಿ ಹರಿಯದೆ ಹೋದರೆ ನೇರಳೆ ಬಣ್ಣದ ಕಲ್ಲೊಂದನ್ನು ಹಾಕುತ್ತಾರೆ, ಆಗ ಗಂಜಿಯ ಹಾಗೆ ಇಳಿಯುತ್ತದೆ. ಆ ಕಲ್ಲಿನಲ್ಲಿ ಫ್ಲೋರಿನ್ ಇದೆ. ಅದು ಕಬ್ಬಿಣಕ್ಕೆ ಸೇರುವುದಿಲ್ಲ. ಬಹುಪಾಲು ಕಿಟ್ಟದಲ್ಲಿ ಕೂರುತ್ತದೆ, ಮಿಕ್ಕಿದ್ದು ಹೊಗೆಯ ಜೊತೆ ಏಳುತ್ತದೆ. ಹೊಗೆಯನ್ನು ನೀರಲ್ಲಿ ತೊಳೆದು, ಆ ನೀರನ್ನು ಮೋರಿಗೆ ಬಿಡುತ್ತಾರೆ. ಇದನ್ನೆಲ್ಲ ನಮಗೆ ಯಾರೂ ಕಲಿಸಲಿಲ್ಲ. ಸಾಹೇಬರು ಮಾತಾಡುವಾಗ ಕೂಲಿಯವರಿಗೆ ಕಿವಿ ಇರುವುದಿಲ್ಲ ಎಂದುಕೊಂಡಿರುತ್ತಾರೆ.

ಬೇಸಿಗೆಯಲ್ಲೂ ಹಸಿರು ಹುಲ್ಲು ಕಾಣುವುದು ಆ ಮೋರಿ ದಂಡೆಯಲ್ಲಿ ಮಾತ್ರ. "ಪುಕ್ಕಟೆ ಕೊಯ್ಕೊಂಡು ಹೋಗ್ರಿ" ಎಂದು ಗಂಗಾಧರ್ ಧರ್ಮರಾಯನ ಹಾಗೆ ಹೇಳಿದ್ದ. ಅಕ್ಕನೂ ಇಲ್ಲೇ ಕಿಟ್ಟ ಹೊರುವವಳು; ಸಂಜೆ ಮನೆಗೆ ಹೊರಡುವಾಗ ದಿನಕ್ಕೊಂದು ಹೊರೆ ಕೊಯ್ದು, ಕರುವಾಗಿದ್ದಾಗಿನಿಂದ ಗೌರಿಗೆ ತಿನ್ನಿಸಿದಳು. ತನ್ನ ಕೈಯಾರೆ.

ನಾವೆಲ್ಲ ಸೇರಿ ಗಲಾಟೆ ಮಾಡಿದ್ದಕ್ಕೆ ಗಂಗಾಧರ್ ತನ್ನ ಗುರುತಿನ ದನದ ಡಾಕ್ಟರನ್ನು ಕರೆಸಿದ್ದ. ಹುಲ್ಲಿನಿಂದಲೇ ಹಸು ಕೆಟ್ಟಿತು ಎಂದು ಡಾಕ್ಟರ್ ಬರೆದರೆ ಬೇರೆ ಹಸು ಕೊಟ್ಟು ಮೋರಿ ಮುಚ್ಚಿಸುತ್ತೇನೆ ಎಂದು ಎಲ್ಲರೆದುರು ಒಪ್ಪಿದ್ದ.

ಡಾಕ್ಟರ್ ಮೂಗಿಗೆ ಕರವಸ್ತ್ರ ಹಿಡಿದು ಗೌರಿಯ ಬಾಯಿ ಬಿಡಿಸಿದ.

"ಹಲ್ಲು ಪೂರಾ ಸವದಾವ. ಹನ್ನೆರಡು ವರ್ಷದ ಹಸು. ಮುಪ್ಪು."

"ನಾಕು ವರ್ಷದ್ದು ರೀ," ಅಂದಳು ಅಕ್ಕ. "ನಮ್ಮನ್ಯಾಗ ಹುಟ್ಟೇತಿ."

"ಹಲ್ಲು ಸುಳ್ಳು ಹೇಳ್ತಾವೇನಮ್ಮ?"

"ಇಲ್ಲ ಬಿಡ್ರಿ. ಹಂಗಾರ ಇದರ ತಾಯಿದೂ ನೋಡ್ರಿ."

ರೂಢಿ ಬಿಡಬೇಕಲ್ಲ, ಆ ಪುಣ್ಯಾತ್ಮ ಅದರ ಬಾಯಿಗೂ ಕೈ ಹಾಕಿದ. ಹಲ್ಲು ಬಲಿಯುವ ಮುಂಚೆ ಫ್ಲೋರಿನ್ ಹೊಟ್ಟೆಗೆ ಹೋದರೆ ಹಲ್ಲು ಬೇಗ ಸವೆಯುತ್ತವೆ; ಕುಲುಮೆ ಬರುವ ಮೊದಲೇ ಆ ಹಸುವಿನ ಹಲ್ಲು ಬಲಿತಿದ್ದವು.

"ಇದು ಎಂಟು... ಭಾಳಾದ್ರ ಒಂಬತ್ತು."

ಕಿಟ್ಟದ ಬುಟ್ಟಿ ಹಿಡಿದಿದ್ದ ಪಂಪಮ್ಮ ಕಿಸಕ್ಕನೆ ನಕ್ಕಳು. ಆಮೇಲೆ ಇಡೀ ಅಂಗಳವೇ ನಕ್ಕಿತು.

"ಹನ್ನೆರಡರ ಮಗಳು ಒಂಬತ್ತರ ತಾಯೀನ ಹಡದಾಳ," ಅಂದೆ ನಾನು. "ಅದನ್ನೂ ಬರಕೋರಿ ಸಾಹೇಬ್ರ."

ಡಾಕ್ಟರನ ಕಿವಿ ಕೆಂಪಾದವು. ಅವನು ಗಂಗಾಧರನ ಮುಖ ನೋಡಿದ.

"ನಗಬ್ಯಾಡ್ರಲೇ ಬಾಡಕೋಗಳಾ," ಅಂದ ಗಂಗಾಧರ್. "ಫ್ಲೋರಿನ್ ಎಲ್ಲಾ ಕಿಟ್ಟದಾಗ ಕುಂದರ್ತೈತಿ. ಮೋರಿಗೆ ಒಂದು ಹನಿ ಬರಂಗಿಲ್ಲ. ಡಾಕ್ಟ್ರೆ, ಮುಪ್ಪು ಅಂತ ಬರದು ಸೀಲು ಒತ್ರಿ."

ಡಾಕ್ಟರ್ ಬರೆದ, ಸೀಲು ಒತ್ತಿದ. "ಹೆಬ್ಬೆಟ್ಟು ಹಾಕು" ಎಂದು ಕಾಗದವನ್ನು ಅಕ್ಕನ ಮುಂದೆ ಚಾಚಿದ.

ಅಷ್ಟರಲ್ಲಿ ಸೈರನ್ ಕೂಗಿತು. ಕುಲುಮೆಯ ಬಾಯಿ ತೆರೆದು ಕೆಂಪು ಕಿಟ್ಟ ಕಾಲುವೆಗೆ ಇಳಿಯಿತು. ಆ ಕಾಲುವೆಗೂ ಮೋರಿಗೂ ನಡುವೆ ಇರುವುದು ಮೊಣಕಾಲೆತ್ತರದ ಒಂದು ಮರಳಿನ ಕಟ್ಟೆ.

ಅಕ್ಕ ಕಾಗದ ಮುಟ್ಟಲಿಲ್ಲ. ನನ್ನ ಕೈಯಿಂದ ಹಾರೆ ಕಿತ್ತುಕೊಂಡು ಹೋಗಿ ಮರಳಿನ ಕಟ್ಟೆಗೆ ಹಾಕಿದಳು. ನಾನು ಸಲಿಕೆ ಹಿಡಿದೆ. ಪಂಪಮ್ಮ ಬುಟ್ಟಿ ಬಿಸಾಕಿ ಬಂದಳು. ಕಟ್ಟೆ ಒಡೆಯುತ್ತಲೇ ನಾವು ಹಿಂದಕ್ಕೆ ಓಡಿದೆವು. ಕಿಟ್ಟ ದಾರಿ ಬದಲಿಸಿ ಮೋರಿಗೆ ನುಗ್ಗಿ ಢಬಢಬ ಸಿಡಿಯಿತು, ದಂಡೆಯ ಹುಲ್ಲು ಹತ್ತಿಕೊಂಡಿತು.

"ಏನ್ ಮಾಡಿದ್ರಲೇ ಸೂಳೇಮಕ್ಳಾ," ಎಂದು ಗಂಗಾಧರ್ ಜೀಪಿನ ಹಿಂದಿನಿಂದ ಕೂಗಿದ.

"ಎಲ್ಲಾ ಕಿಟ್ಟದಾಗ ಕುಂದರ್ತೈತಿ ಅಂದ್ರಲ್ಲರಿ," ಅಂದಳು ಅಕ್ಕ. "ಕಿಟ್ಟಾನ ಮೋರ್ಯಾಗ ಕುಂದರ್ಸೇವಿ, ತಗೋರಿ."

ಮೋರಿಯ ತುಂಬ ಕಿಟ್ಟ ಹೆಪ್ಪುಗಟ್ಟಿ ಕಲ್ಲಾಯಿತು. ಹೊಗೆ ತೊಳೆದ ನೀರಿಗೆ ಹೋಗಲು ದಾರಿ ಇರಲಿಲ್ಲ. ಅದು ಹಿಂದಕ್ಕೆ ತಿರುಗಿ, ಗಂಗಾಧರನ ಆಫೀಸಿನ ಮೆಟ್ಟಿಲು ಹತ್ತತೊಡಗಿತು.