ಇಪ್ಪತ್ತೈದರ ಕಮಾನು

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದವರನ್ನು ನಮ್ಮ ಕಡೆ ನೆರೆಹೊರೆಯವರು ಸುಮ್ಮನೆ ಬಿಡುವುದಿಲ್ಲ. ಹಿಂದಿನ ಸಂಜೆ ಬಂದು ಮುಂಬಾಗಿಲಿಗೆ ವರ್ಷವಿಡೀ ಹಸಿರಾಗಿರುವ ಸ್ಪ್ರೂಸ್ ಮರದ ಕೊಂಬೆಗಳ ಕಮಾನು ಕಟ್ಟುತ್ತಾರೆ, ಅದರ ನೆತ್ತಿಗೆ ಬೆಳ್ಳಿ ಕಾಗದದಲ್ಲಿ ಕತ್ತರಿಸಿದ ಇಪ್ಪತ್ತೈದರ ಅಂಕಿ ಅಂಟಿಸುತ್ತಾರೆ, ಮರುದಿನ ಬೆಳಗ್ಗೆ ಆರೂವರೆಗೆ ತುತ್ತೂರಿ ಹಿಡಿದು ಬಂದು ಹಾಡುತ್ತಾರೆ. ಗಂಡ ಹೆಂಡತಿ ಈಗಷ್ಟೇ ಒಂದೇ ಹಾಸಿಗೆಯಿಂದ ಎದ್ದವರು ರಾತ್ರಿಯ ಉಡುಪಿನಲ್ಲೇ ಬಾಗಿಲು ತೆರೆದು, ಇದೇನಿದು ಎಂದು ಬೆರಗಾಗಿ, ಕಮಾನಿನ ಕೆಳಗೆ ಮುತ್ತು ಕೊಟ್ಟುಕೊಂಡು, ಬಂದವರಿಗೆಲ್ಲ ಬನ್ನು ಕಾಫಿ ಕೊಡಬೇಕು. ಕಮಾನು ಕಟ್ಟುವಷ್ಟು ಹೊತ್ತು ಮಾತ್ರ ಇಬ್ಬರೂ ಪರದೆ ಎಳೆದುಕೊಂಡು ಒಳಗೇ ಇರಬೇಕು. ಕಿವಿಯ ಪಕ್ಕದಲ್ಲೇ ಸುತ್ತಿಗೆ ಬಿದ್ದರೂ ಏನೂ ಕೇಳಿಸಲಿಲ್ಲ ಎಂಬಂತೆ ಕೂರುವುದು ಮರ್ಯಾದೆ.

ನನ್ನ ಹೆಸರು ಡೋರಿಟ್. ತೀರಾ ಉತ್ತರದ ಕಡಲಂಚಿನ ಲೆಮ್ವಿಗ್ ಪಟ್ಟಣದ ಸುತ್ತಮುತ್ತಲಿನ ಹುಡುಗ ಹುಡುಗಿಯರಿಗೆ ಕಾರು ಓಡಿಸುವುದನ್ನು ಕಲಿಸುತ್ತೇನೆ. ಬಾಯಿ ನಡೆಸುವುದೇ ನನ್ನ ಹೊಟ್ಟೆಪಾಡು. ಗಂಡ ಥೋರ್ಕಿಲ್ ಬಾಗಿಲು ಕಿಟಕಿ ಮಾಡುವ ಬಡಗಿ. ಅವನು ಒಂದು ವಾರ ಆಡಿದ ಮಾತನ್ನೆಲ್ಲ ಕೂಡಿಸಿದರೂ ನನ್ನ ಒಂದು ಪಾಠದ ಬೈಗುಳಕ್ಕೆ ಸಾಲದು. ಜೂನ್ ತಿಂಗಳ ಒಂದು ಶನಿವಾರ ನಮಗೆ ಇಪ್ಪತ್ತೈದು ತುಂಬುವುದಿತ್ತು. ಓಣಿಗೆಲ್ಲ ಸಂಭ್ರಮ. ಅವರಿಗೆ ಗೊತ್ತಿಲ್ಲದ ಸಂಗತಿ ಒಂದೇ, ಥೋರ್ಕಿಲ್ ಏಳು ತಿಂಗಳಿಂದ ನನ್ನ ಪಕ್ಕ ಮಲಗುತ್ತಿರಲಿಲ್ಲ. ಊಟ ಮುಗಿಸಿ, ತಟ್ಟೆ ಒರೆಸಿಟ್ಟು, ಶುಭರಾತ್ರಿ ಹೇಳಿ, ಅಂಗಳ ದಾಟಿ ತನ್ನ ಮರಗೆಲಸದ ಶೆಡ್ಡಿಗೆ ಹೋಗಿಬಿಡುತ್ತಿದ್ದ.

ನವೆಂಬರಿನಲ್ಲಿ ನನ್ನ ಎಡಗಡೆಯ ಸ್ತನ ತೆಗೆದರು. ಕ್ಯಾನ್ಸರು ಪೂರ್ತಿ ಹೋಗಿದೆ ಎಂದು ಹೇಳಿ ಡಾಕ್ಟರು ಕೈಕುಲುಕಿ ಕಳಿಸಿದರು. ತೋಳಿನ ಕೆಳಗೆ ಮೂರು ದಿಂಬು ಇಟ್ಟುಕೊಂಡು ಮಲಗಬೇಕಿತ್ತು. ಮೂರನೆಯ ದಿನ "ನಿಂಗೆ ಜಾಗ ಬೇಕು" ಎಂದವನೇ ಥೋರ್ಕಿಲ್ ತನ್ನ ಹೊದಿಕೆಯನ್ನು ಬಗಲಲ್ಲಿಟ್ಟುಕೊಂಡು ಹೊರಟ. ನಮ್ಮಲ್ಲಿ ಮಂಚ ಒಂದೇ ಆದರೂ ಗಂಡನ ಹೊದಿಕೆ ಬೇರೆ, ಹೆಂಡತಿಯದು ಬೇರೆ. ಹಾಗಾಗಿ ಎದ್ದು ಹೋಗುವುದು ಸುಲಭ. ಜನವರಿಗೆ ತೋಳು ಸರಿಹೋಯಿತು, ದಿಂಬುಗಳು ಕಪಾಟು ಸೇರಿದವು, ನಾನು ಮತ್ತೆ ರಸ್ತೆಗಿಳಿದೆ. ಅವನು ಬರಲಿಲ್ಲ. ನಾನು ಕರೆಯಲಿಲ್ಲ. ಇನ್ನೊಬ್ಬರಿಗೆ ತೊಂದರೆ ಕೊಡದಿರುವುದೇ ಈ ಸೀಮೆಯಲ್ಲಿ ದೊಡ್ಡ ಗುಣ. ನಮ್ಮವನೊಬ್ಬ ಸಮುದ್ರಕ್ಕೆ ಬಿದ್ದರೆ, ಇದು ದಡದವರು ಊಟಕ್ಕೆ ಕೂರುವ ಹೊತ್ತಲ್ಲವೇ ಎಂದು ಯೋಚಿಸಿ ಆಮೇಲೆ ಕೂಗುತ್ತಾನೆ. ಎಷ್ಟೇ ಬಾಯಿಬಡಕಿಯಾದರೂ ನಾನೂ ಇಲ್ಲಿಯವಳೇ.

ಬಾಯಿ ಸುಮ್ಮನಿದ್ದರೆ ಮನಸ್ಸು ಸುಮ್ಮನಿರುತ್ತದೆಯೇ. ನನ್ನ ಎದೆ ನೋಡಲು ಅವನಿಗೆ ಹೇಸಿಗೆ ಎಂದು ನಾನೇ ತೀರ್ಮಾನಿಸಿದ್ದೆ. ಸಿಟ್ಟಿಗಿಂತ ಹೆಚ್ಚಾಗಿ ಅವಮಾನ ಸುಡುತ್ತಿತ್ತು. ಆ ಶುಕ್ರವಾರ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ನಿರ್ಧರಿಸಿದೆ. ಇವತ್ತು ಬಾಯಿಬಿಟ್ಟು ಕೇಳುತ್ತೇನೆ. ಅವನು ಒಳಗೆ ಬಂದರೆ ಸರಿ. ಬರದಿದ್ದರೆ ನಾಳೆ ಊರಿಗೆ ತೋರಿಸಲು ಕಮಾನಿನ ಕೆಳಗೆ ಮುತ್ತು ಕೊಡುವವಳು ನಾನಲ್ಲ, ಸೋಮವಾರವೇ ಪಟ್ಟಣದಲ್ಲಿ ಬೇರೆ ಮನೆ ನೋಡುತ್ತೇನೆ.

ಸಂಜೆ ಏಳಕ್ಕೆ ಶೆಡ್ಡಿಗೆ ಹೋಗೋಣವೆಂದು ಬೂಟು ಹಾಕುವಷ್ಟರಲ್ಲಿ ರಗ್ನಾಳ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಎದುರುಮನೆಯ ರಗ್ನಾಗೆ ಎಪ್ಪತ್ತೊಂದು. ಓಣಿಯ ಮದುವೆ, ಹುಟ್ಟು, ಸಾವು ಯಾವುದೂ ಅವಳ ಅಪ್ಪಣೆಯಿಲ್ಲದೆ ನಡೆಯುವುದಿಲ್ಲ. ಹಿಂದಿನ ಟ್ರಾಲಿ ತುಂಬ ಹಸಿರು ಕೊಂಬೆ, ಕೊಂಬೆಗಳ ಮೇಲೆ ಹನ್ನೊಂದು ಜನ. ಥೋರ್ಕಿಲ್ ಹಿಂಬಾಗಿಲಿನಿಂದ ಕಳ್ಳನ ಹಾಗೆ ಒಳಗೆ ನುಸುಳಿದ. ಶೆಡ್ಡಿನಲ್ಲಿ ಕಂಡರೆ ಎಲ್ಲ ಬಯಲಾಗುತ್ತಿತ್ತಲ್ಲ.

"ಬಂದ್ರು," ಎಂದ.

"ಕಣ್ಣಿದೆ ನಂಗೂ. ಪರದೆ ಎಳಿ, ಕೂತ್ಕೋ."

ಜೂನಿನಲ್ಲಿ ನಮ್ಮಲ್ಲಿ ರಾತ್ರಿ ಹತ್ತರವರೆಗೂ ಕತ್ತಲಾಗದು, ಹೊರಗೆ ಇನ್ನೂ ಹಾಡುಹಗಲಿನ ಬೆಳಕು. ನಾವಿಬ್ಬರು ಪರದೆಯ ಹಿಂದೆ ಊಟದ ಮೇಜಿನ ಆಚೆ ಈಚೆ ಕೂತೆವು. ಮೊದಲ ಸುತ್ತಿಗೆಯ ಪೆಟ್ಟು ಬಿತ್ತು. ಥೋರ್ಕಿಲ್ ತನಗೇ ಬಿದ್ದಂತೆ ಕಣ್ಣು ಮುಚ್ಚಿದ.

"ನಾಲ್ಕಿಂಚಿನ ಮೊಳೆ," ಎಂದ. "ಹೊಡೀತಿರೋದು ಪಕ್ಕದ್ಮನೆ ವಾಗ್ನ್. ಓಕ್ ಮರಕ್ಕೆ ರಂಧ್ರ ಕೊರೀದೆ ಹೊಡೀತಿದಾನೆ. ಸೀಳತ್ತೆ."

"ಸೀಳ್ಲಿ."

"ಆ ಬಾಗಿಲವಾಡ ಮಾಡೋಕೆ ನಂಗೆ ಹನ್ನೊಂದು ದಿನ ಹಿಡೀತು, ಡೋರಿಟ್."

"ನಂಗೆ ಇಪ್ಪತ್ತೈದು ವರ್ಷ ಹಿಡೀತು. ಅದೂ ಸೀಳ್ತಿದೆ. ಅದ್ರ ಸದ್ದು ಕೇಳಿಸ್ತಿಲ್ವಾ ನಿಂಗೆ?"

ಅವನು ಮೇಜುಬಟ್ಟೆಯ ಅಂಚನ್ನು ನೆಟ್ಟಗೆ ಮಾಡತೊಡಗಿದ. ನಾನು ಬಿಡಲಿಲ್ಲ. "ಏಳು ತಿಂಗಳಾಯ್ತು. ಯಾಕೆ ಬರ್ಲಿಲ್ಲ?"

"ನಿಂಗೆ ಜಾಗ ಬೇಕಿತ್ತಲ್ಲ."

"ಅದು ನವೆಂಬರಲ್ಲಿ. ಈಗ ಆ ಮಂಚದ ಮೇಲೆ ಕುದುರೆ ಕಟ್ಟಬಹುದು, ಅಷ್ಟು ಜಾಗ ಇದೆ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಂಬಾಗಿಲಿನಲ್ಲಿ ಟಪಾಲು ಹಾಕುವ ಕಂಡಿಯ ಮುಚ್ಚಳ ಮೇಲೆದ್ದಿತು. ರಗ್ನಾಳ ಪಿಸುದನಿ ಒಳಗೆ ಬಂತು.

"ನಾವ್ಯಾರೂ ಇಲ್ಲಿಲ್ಲ. ಇಲ್ಲದೋರಿಗೆ ಒಂದು ರಸಮಟ್ಟ ಬೇಕಾಗಿತ್ತು. ಕಮಾನು ಎಡಕ್ಕೆ ವಾಲ್ತಿದೆ."

ಥೋರ್ಕಿಲ್‌ಗೆ ಹೋದ ಜೀವ ಬಂದಂತಾಯಿತು. ಕಂಡಿಯ ಮುಂದೆ ಮೊಣಕಾಲೂರಿದ. "ನಾನೇನೂ ಕೇಳಿಸ್ಕೊಂಡಿಲ್ಲ. ಶೆಡ್ಡಲ್ಲಿದೆ ನೋಡು, ಕಿಟಕಿ ಪಕ್ಕದ ಗೂಟಕ್ಕೆ ನೇತಾಕಿದೀನಿ."

ವಾಗ್ನ್ ಅಂಗಳ ದಾಟಿ ಹೋಗುವ ಹೆಜ್ಜೆ ಕೇಳಿಸಿದ ಮೇಲೆ ಥೋರ್ಕಿಲ್‌ಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಕಿಟಕಿಯ ಕೆಳಗೇ ಅವನ ಹಾಸಿಗೆ. ಹೊದಿಕೆ, ದಿಂಬು, ಓದುವ ಕನ್ನಡಕ, ಅಲಾರಂ ಗಡಿಯಾರ, ಎಲ್ಲ ಅಲ್ಲೇ. ಅವನ ಮುಖ ಸುಣ್ಣವಾಯಿತು.

ವಾಗ್ನ್ ಮರಳಿದ. ಹೊರಗೆ ಗುಸುಗುಸು. ಸುತ್ತಿಗೆ ನಿಂತಿತು. ಸ್ವಲ್ಪ ಹೊತ್ತಿನ ನಂತರ ಬೇರೆ ಸದ್ದು ಶುರುವಾಯಿತು, ಹೊಡೆದ ಮೊಳೆಗಳನ್ನು ಕೀಳುವ ಸದ್ದು. ಕಂಡಿ ಮತ್ತೆ ತೆರೆಯಿತು.

"ಡೋರಿಟ್, ನಾವು ಬಂದೇ ಇರ್ಲಿಲ್ಲ ಅಂದ್ಕೊಳ್ಳಿ," ಎಂದಳು ರಗ್ನಾ. ದನಿ ತುಂಬ ಮೆತ್ತಗಿತ್ತು. "ಯಾರೂ ಏನೂ ಕೇಳಲ್ಲ."

ಕೇಳದಿರುವುದೇ ನಮ್ಮೂರಿನ ದಯೆ. ಅದೇ ದಯೆ ನನ್ನ ಏಳು ತಿಂಗಳನ್ನು ತಿಂದುಹಾಕಿತ್ತು. ಮೈಯೆಲ್ಲ ಉರಿದುಹೋಯಿತು.

"ಕಮಾನು ಹೋದ್ರೆ ಹೋಗ್ಲಿ ಥೋರ್ಕಿಲ್," ಎಂದೆ. "ನೀನು ಹೋದ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಅದಕ್ಕೇ ಕೇಳ್ತಿದೀನಿ. ನನ್ನ ನೋಡೋಕೆ ಹೇಸಿಗೆನಾ?"

ಅವನು ತಲೆಯೆತ್ತಿದ. ಕಪಾಳಕ್ಕೆ ಹೊಡೆಸಿಕೊಂಡವನ ಮುಖ ಅದು. "ಹಂಗಂತ ಯಾರು ಹೇಳಿದ್ರು?"

"ನೀನೇ. ಬಾಯಿ ಮುಚ್ಕೊಂಡು ದಿನಾ ಹೇಳ್ತಿದ್ದೆ."

ಬಾಗಿಲಿಗೆ ಬೆನ್ನು ಕೊಟ್ಟು ಅವನು ನೆಲದ ಮೇಲೇ ಕುಸಿದು ಕೂತ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಆಸ್ಪತ್ರೆಯಿಂದ ಬಂದ ಮೊದಲ ರಾತ್ರಿ ನೀನು ನಿದ್ದೆ ಮಾಡ್ತಿದ್ದೆ. ನಾನು ನಿನ್ನ ಉಸಿರು ಕೇಳ್ತಾ ಕೂತಿದ್ದೆ. ಒಂದು ಉಸಿರು ತಡ ಆದ್ರೆ ನಂದು ನಿಂತೋಗ್ತಿತ್ತು. ಎರಡನೇ ರಾತ್ರಿ ಅಳು ಬಂತು. ನಿಲ್ಲಿಸೋಕೆ ಆಗ್ಲಿಲ್ಲ. ಕಾಯಿಲೆ ನಿಂದು, ಅಳೋದು ನಾನಾ? ನಿಂಗೆ ಕೇಳಿಸ್ಬಾರ್ದು ಅಂತ ಶೆಡ್ಡಿಗೆ ಹೋದೆ. ಆಮೇಲೆ ವಾಪಸ್ ಹೆಂಗೆ ಬರೋದು ಗೊತ್ತಾಗ್ಲಿಲ್ಲ. ನೀನು ಕರೀತೀಯ ಅಂತ ಕಾಯ್ತಿದ್ದೆ. ಕರೀಲಿಲ್ಲ. ಒಬ್ಳೇ ಆರಾಮಾಗಿದೀಯ ಅಂದ್ಕೊಂಡೆ."

ಅವನನ್ನು ಅಪ್ಪಿಕೊಳ್ಳಬೇಕೋ ಎರಡು ಬಾರಿಸಬೇಕೋ ತಿಳಿಯಲಿಲ್ಲ. ಏಳು ತಿಂಗಳು ಅಂಗಳದ ಆಚೆ ಅವನು ಕರೆಗಾಗಿ ಕಾಯುತ್ತಿದ್ದ, ಈಚೆ ಅವನು ಬಾಗಿಲು ತಟ್ಟಲೆಂದು ನಾನು ಕಾಯುತ್ತಿದ್ದೆ. ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ.

"ದಡ್ಡ ಕಣೋ ನೀನು," ಎಂದೆ. "ನಾನೂ ದಡ್ಡಿನೇ. ನಂಗೆ ನೀನು ಬೇಕು. ಅಳೋನಾದ್ರೂ ಬೇಕು. ಇನ್ಮೇಲೆ ಅಳು ಬಂದ್ರೆ ನನ್ನ ಪಕ್ಕ ಮಲ್ಕೊಂಡು ಜೋರಾಗಿ ಅಳು, ನಂಗೂ ಕೇಳಿಸ್ಲಿ."

ಅವನು ಎದ್ದ. ಯಾರೂ ಮಾಡದ ಕೆಲಸ ಮಾಡಿದ, ಕಮಾನು ಕಟ್ಟುವ ಸಂಜೆ ಮುಂಬಾಗಿಲು ತೆರೆದ. ಹನ್ನೊಂದು ಜನ ಕೈಯಲ್ಲಿ ಕೊಂಬೆ ಹಿಡಿದು ಆಕಾಶ ನೋಡುತ್ತ ನಿಂತರು.

"ಏಳು ತಿಂಗಳು ಶೆಡ್ಡಲ್ಲಿ ಮಲಗ್ದೆ," ಎಂದ ಥೋರ್ಕಿಲ್, ಎಲ್ಲರಿಗೂ ಕೇಳುವ ಹಾಗೆ. "ಹೆದರಿಕೆ ಆಗಿತ್ತು, ಹೇಳೋಕೆ ಬರ್ಲಿಲ್ಲ. ಈಗ ಇವಳ ಹತ್ರ ಹೇಳಿದೀನಿ. ಇವತ್ತಿಂದ ಇಲ್ಲೇ."

ವಾಗ್ನ್ ಆಕಾಶದಿಂದ ಕಣ್ಣಿಳಿಸಿ ಕೇಳಿದ, "ಹಂಗಾದ್ರೆ ಕಟ್ಟೋದಾ?"

"ಕಟ್ಟಿ. ಮೊದ್ಲು ರಂಧ್ರ ಕೊರ್ಕೊಳ್ಳಿ ಪುಣ್ಯಾತ್ಮರೇ."

"ನಾವೇನೂ ಕೇಳಿಸ್ಕೊಂಡಿಲ್ಲ," ಎಂದಳು ರಗ್ನಾ, ಕೈಗವಸಿನಿಂದ ಮೂಗು ಒರೆಸಿಕೊಳ್ಳುತ್ತ. ಥೋರ್ಕಿಲ್ ಅವರ ನಡುವೆಯೇ ಅಂಗಳ ದಾಟಿ ಹೋಗಿ, ದಿಂಬು ಹೊದಿಕೆಗಳನ್ನು ಹೆಗಲ ಮೇಲೆ ಹೇರಿಕೊಂಡು ಬಂದ. ಅವರು ಸರಿದು ದಾರಿ ಬಿಟ್ಟರು.

ಮಲಗುವ ಕೋಣೆಯಲ್ಲಿ ಅವನು ಅವುಗಳನ್ನು ತನ್ನ ಮಗ್ಗುಲಿಗೆ ಇಟ್ಟು, ಏನು ಮಾಡಬೇಕೆಂದು ತೋಚದೆ ನಿಂತ. ನಾನು ಅಂಗಿಯ ಗುಂಡಿ ಬಿಚ್ಚಿದೆ. ಅವನು ಹತ್ತಿರ ಬಂದು ನೋಡಿದ. ಕಣ್ಣು ತಪ್ಪಿಸಲಿಲ್ಲ. ಎತ್ತಿದ ಕೈಯನ್ನು ನಡುವೆಯೇ ನಿಲ್ಲಿಸಿದ.

"ನೋಯತ್ತಾ?"

"ಇಲ್ಲ. ಅಲ್ಲಿ ಮುಟ್ಟಿದ್ರೂ ನಂಗೆ ಗೊತ್ತಾಗಲ್ಲ, ನರ ಹೋಗಿವೆ. ಕೈ ಎಲ್ಲಿದೆ ಅಂತ ನೀನೇ ಬಾಯಲ್ಲಿ ಹೇಳ್ಬೇಕು."

ಅವನು ಅಂಗೈ ಊರಿದ. ಆಮೇಲೆ ಮೆಲ್ಲಗೆ ಶುರುಮಾಡಿದ.

"ಇಲ್ಲಿ, ತೋಳಿನ ಕೆಳಗಿದೆ. ಗೆರೆ ಇಲ್ಲಿಂದ ಶುರುವಾಗತ್ತೆ. ಈಗ ಮಧ್ಯದಲ್ಲಿದೀನಿ. ಇಲ್ಲಿ ಚರ್ಮ ನುಣುಪಾಗಿದೆ, ಬೆಚ್ಚಗಿದೆ. ಇಲ್ಲಿ ನಿನ್ನ ಎದೆ ಹೊಡ್ಕೊಳ್ಳೋದು ನನ್ನ ಕೈಗೆ ಸಿಗ್ತಿದೆ."

"ನಿಲ್ಲಿಸ್ಬೇಡ, ಹೇಳ್ತಾ ಇರು," ಎಂದೆ.

ಅವನು ಹೇಳುತ್ತ ಹೋದ.